ಗುರುತಿಸುವ ಪದ, ಬಳಸುವ ಪದ: ಉನ್ನತ ಮಟ್ಟದ ಇಂಗ್ಲಿಷ್ ಶಬ್ದಗಳನ್ನು ಕಲಿಯುವ ದಾರಿಗಳ ಹೋಲಿಕೆ

ಪದವಿ ತರಗತಿಗಳಿಗೆ ಇಂಗ್ಲಿಷ್ ಪಾಠ ಹೇಳುವ ನನ್ನನ್ನು ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವ ಪ್ರಶ್ನೆ ವ್ಯಾಕರಣಕ್ಕೆ ಸಂಬಂಧಿಸಿದ್ದಲ್ಲ. "ಸರ್, ವೊಕ್ಯಾಬುಲರಿ ಬೆಳೆಸ್ಕೊಳ್ಳೋಕೆ ಯಾವ ಪುಸ್ತಕ ತಗೊಳ್ಲಿ?" ಎಂಬುದೇ ಆ ಪ್ರಶ್ನೆ. ಕೇಳುವವರಲ್ಲಿ ಕೇಂದ್ರ ಸರ್ಕಾರದ ನೌಕರಿಗಾಗಿ ಎಸ್‌ಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಹುಡುಗನಿರುತ್ತಾನೆ, ಅಮೆರಿಕದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಜಿಆರ್‌ಇ ಬರೆಯಲಿರುವ ಹುಡುಗಿಯಿರುತ್ತಾಳೆ, ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ ಹುಡುಕುತ್ತಿರುವ ನರ್ಸಿಂಗ್ ಪದವೀಧರೆಯಿರುತ್ತಾಳೆ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕಂಪನಿಯ ಮೀಟಿಂಗಿನಲ್ಲಿ ಬಾಯಿ ತೆರೆಯಲು ಅಂಜುವ ತರುಣನೂ ಇರುತ್ತಾನೆ. ಈ ನಾಲ್ವರಿಗೂ ಒಂದೇ ಪುಸ್ತಕದ ಹೆಸರು ಹೇಳಿ ಕಳುಹಿಸುವುದು ಜ್ವರಕ್ಕೂ ಉಳುಕಿಗೂ ಒಂದೇ ಗುಳಿಗೆ ಕೊಟ್ಟಂತಾಗುತ್ತದೆ. ಸಿಗುವ ದಾರಿಗಳು ಹಲವು: ಪದಪಟ್ಟಿ, ಇಂಗ್ಲಿಷ್-ಕನ್ನಡ ನಿಘಂಟು, ಇಂಗ್ಲಿಷ್-ಇಂಗ್ಲಿಷ್ ನಿಘಂಟು, ಧಾತುಗಳ ಮೂಲಕ ಕಲಿಯುವುದು, ಒಂದು ಬದಿಯಲ್ಲಿ ಪದ, ಇನ್ನೊಂದು ಬದಿಯಲ್ಲಿ ಅರ್ಥ ಬರೆದ ಚೀಟಿಗಳು, ಓದು. ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ನನ್ನ ಅನುಭವದ ಬೆಳಕಿನಲ್ಲಿ ತೂಗಿ ನೋಡಿದ್ದೇನೆ.

ತೂಗುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಪದವನ್ನು ಗುರುತಿಸುವುದು ಬೇರೆ, ಬಳಸುವುದು ಬೇರೆ. ಕನ್ನಡದಲ್ಲಿ 'ಪ್ರತ್ಯುತ್ಪನ್ನಮತಿ' ಎಂಬ ಪದ ಲೇಖನವೊಂದರಲ್ಲಿ ಎದುರಾದರೆ ನಮ್ಮಲ್ಲಿ ಹಲವರಿಗೆ ಅರ್ಥವಾಗುತ್ತದೆ. ಆದರೆ ಅದನ್ನು ಜೀವಮಾನದಲ್ಲಿ ಎಷ್ಟು ಸಲ ನಾವಾಗಿ ಆಡಿದ್ದೇವೆ? ಇಂಗ್ಲಿಷಿನಲ್ಲೂ ಹೀಗೆಯೇ. ಕೆಲವು ಪರೀಕ್ಷೆಗಳು ಗುರುತಿಸುವ ಶಕ್ತಿಯನ್ನಷ್ಟೇ ಅಳೆಯುತ್ತವೆ. ಪ್ರಬಂಧ, ಸಂದರ್ಶನ, ಕಚೇರಿಯ ಪತ್ರ ಇವೆಲ್ಲ ಬಳಸುವ ಶಕ್ತಿಯನ್ನು ಬೇಡುತ್ತವೆ. ಮೊದಲನೆಯದಕ್ಕೆ ಒಳ್ಳೆಯದಾದ ದಾರಿ ಎರಡನೆಯದಕ್ಕೆ ಕೆಲವೊಮ್ಮೆ ಹಾನಿಯನ್ನೇ ಮಾಡುತ್ತದೆ.

ಇನ್ನು 'ಉನ್ನತ ಮಟ್ಟ' ಎಂದರೆ ಎಲ್ಲಿಂದ ಆರಂಭ ಎಂಬ ಪ್ರಶ್ನೆಯೂ ಇದೆ. ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಸಾಮಾನ್ಯ ಪದಗಳ ಪಟ್ಟಿಯಲ್ಲಿ ಸುಮಾರು 2000 ಪದಗಳಿವೆ, ಅವು ಅಡಿಪಾಯ. ಅದರಾಚೆಗೆ ಪಠ್ಯಪುಸ್ತಕ ಮತ್ತು ಸಂಶೋಧನಾ ಬರಹಗಳಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು (ಒಂದು ಮೂಲಪದ ಮತ್ತು ಅದರ ರೂಪಗಳೆಲ್ಲ ಸೇರಿ ಒಂದು ಕುಟುಂಬ) ಆವರಿಲ್ ಕಾಕ್ಸ್‌ಹೆಡ್ ಅವರು 2000ನೇ ಇಸವಿಯಲ್ಲಿ ಒಂದು ಪಟ್ಟಿಯಾಗಿ ಕೊಟ್ಟರು. 'ಇಂಪ್ಲಿಸಿಟ್', 'ಡಿರೈವ್', 'ಸಬ್‌ಸೀಕ್ವೆಂಟ್', 'ನಾಟ್‌ವಿತ್‌ಸ್ಟ್ಯಾಂಡಿಂಗ್' ಮುಂತಾದ, ನೋಡಲು ಸಪ್ಪೆಯಾದ ಪದಗಳು ಇದರಲ್ಲಿವೆ. ಬರಹದಲ್ಲಿನ ಶೇಕಡ 98ರಷ್ಟು ಪದಗಳು ಪರಿಚಿತವಾಗಬೇಕಾದರೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಬೇಕೆಂದು ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ನಾನು ಕಂಡಂತೆ ನಮ್ಮ ವಿದ್ಯಾರ್ಥಿಗಳು ಆ 570ನ್ನು ಹಾರಿಹೋಗಿ, ವಾಟ್ಸ್ಆ್ಯಪ್‌ನಲ್ಲಿ ಬಂದ 'ಸೆಸ್ಕ್ವಿಪೆಡೇಲಿಯನ್' ಎಂಬಂಥ ಪದಕ್ಕೆ ಕೈ ಚಾಚುತ್ತಾರೆ. ಅಂಥ ಪದ ಪರೀಕ್ಷೆಯಲ್ಲೂ ಬರುವುದಿಲ್ಲ, ಬದುಕಿನಲ್ಲೂ ಬರುವುದಿಲ್ಲ. ಯಾವ ದಾರಿ ಹಿಡಿದರೂ 570ರ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿ, ಗೊತ್ತಿಲ್ಲದವುಗಳಿಗೆ ಗುರುತು ಹಾಕಿಕೊಂಡು, ಅಲ್ಲಿಂದಲೇ ಹೊರಡುವುದು ಒಳ್ಳೆಯದು.

ಪದಪಟ್ಟಿ

ಪಟ್ಟಿಯ ಬೆಲೆ ನಿಂತಿರುವುದು ಪರೀಕ್ಷೆಯ ಸ್ವರೂಪದ ಮೇಲೆ. ಎಸ್‌ಎಸ್‌ಸಿ ಪರೀಕ್ಷೆಗಳಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ, ಒಂದು ವಾಕ್ಯಕ್ಕೆ ಒಂದು ಪದ ಎಂಬ ಬಗೆಯ ಪ್ರಶ್ನೆಗಳು ನೇರವಾಗಿ ಬರುತ್ತವೆ. ಅಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳಿಂದ ಆಯ್ದ ಪಟ್ಟಿಗಿಂತ ಲಾಭದ ಹೂಡಿಕೆ ಬೇರೊಂದಿಲ್ಲ. ಜಿಆರ್‌ಇಯ ಕಥೆ ಬೇರೆ. 2011ರ ಆಗಸ್ಟಿನಲ್ಲಿ ಅದರಿಂದ ವಿರುದ್ಧಾರ್ಥಕ ಮತ್ತು ಪದಸಾದೃಶ್ಯದ ಪ್ರಶ್ನೆಗಳನ್ನು ತೆಗೆದುಹಾಕಿ, ವಾಕ್ಯದೊಳಗಿನ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿಗೆ ಹೆಚ್ಚು ಒತ್ತು ಕೊಟ್ಟರು. ಹೀಗಿದ್ದರೂ ಅದಕ್ಕೂ ಹಿಂದಿನ ಕಾಲದ ದಪ್ಪ ಪಟ್ಟಿಗಳನ್ನು ಇಂದಿಗೂ ಉರು ಹೊಡೆಯುವವರಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೂ ಸೇರಿದಂತೆ ಹಲವು ಕಾನೂನು ವಿಶ್ವವಿದ್ಯಾಲಯಗಳಿಗೆ ನಡೆಯುವ ಸಿಎಲ್‌ಎಟಿ ಕೂಡ 2020ರಿಂದ ಗದ್ಯಭಾಗಗಳ ಮೇಲೆಯೇ ನಿಂತಿದೆ. ಬಿಡಿ ಪದಗಳ ಜ್ಞಾನಕ್ಕೆ ಅಲ್ಲಿ ನೇರ ಅಂಕವಿಲ್ಲ.

ಪಟ್ಟಿಯ ದೊಡ್ಡ ದೋಷವಿರುವುದು ಅದರ ಅಕಾರಾದಿ ಕ್ರಮದಲ್ಲಿ. 'ಅಬೇಟ್', 'ಅಬೇಸ್', 'ಅಬ್ಯಾಶ್' ಎಂದು ಒಂದೇ ಮುಖಛಾಯೆಯ ಪದಗಳು ಸಾಲಾಗಿ ಬಂದರೆ ಮರುದಿನ ಬೆಳಿಗ್ಗೆ ಯಾವುದು ತಗ್ಗುವುದು, ಯಾವುದು ತುಚ್ಛಗೊಳಿಸುವುದು, ಯಾವುದು ಮುಜುಗರಪಡಿಸುವುದು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಮಾರುವವರ ಬಳಿ ಇಂಥ ಪದಪುಸ್ತಕಗಳನ್ನು ತಿರುವಿ ನೋಡುವುದು ನನಗೊಂದು ಹವ್ಯಾಸ: ಮೊದಲ ಇಪ್ಪತ್ತು ಪುಟಗಳಲ್ಲಿ ಪೆನ್ಸಿಲಿನ ಗುರುತು, ಅಂಚಿನಲ್ಲಿ ಕನ್ನಡ ಅರ್ಥ, ಅಲ್ಲಲ್ಲಿ ದಿನಾಂಕ, ಅಲ್ಲಿಂದಾಚೆ ಪುಟಗಳು ಹೊಸದರಂತೆ ಬೆಳ್ಳಗೆ. ಪಟ್ಟಿಯೇ ಬೇಕೆಂದಾದರೆ ವಿಷಯವಾರು ಜೋಡಿಸಿದ, ಪ್ರತಿ ಪದಕ್ಕೂ ಪೂರ್ಣ ವಾಕ್ಯವೊಂದನ್ನು ಕೊಡುವ ಪಟ್ಟಿಯನ್ನು ಆರಿಸಿಕೊಳ್ಳಿ.

ಎರಡು ನಿಘಂಟುಗಳ ನಡುವೆ

ಹೆಚ್ಚಿನ ಗೊಂದಲ ಇರುವುದು ಇಲ್ಲಿ. "ಕನ್ನಡದಲ್ಲಿ ಅರ್ಥ ನೋಡಬೇಡ, ಇಂಗ್ಲಿಷಿನಲ್ಲೇ ಯೋಚಿಸು" ಎಂದು ಕೋಚಿಂಗ್ ತರಗತಿಗಳಲ್ಲಿ ಹೇಳುವುದುಂಟು. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ.

'ಸೈಕೊಫ್ಯಾಂಟ್' ಎಂಬ ಪದವನ್ನು ಇಂಗ್ಲಿಷ್ ನಿಘಂಟಿನಲ್ಲಿ ನೋಡಿದರೆ, ತನ್ನ ಲಾಭಕ್ಕಾಗಿ ದೊಡ್ಡವರನ್ನು ಅತಿಯಾಗಿ ಹೊಗಳುವ ವ್ಯಕ್ತಿ ಎಂಬರ್ಥದ ಉದ್ದನೆಯ ವಿವರಣೆ ಸಿಗುತ್ತದೆ. ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ 'ಹೊಗಳುಭಟ', 'ಭಟ್ಟಂಗಿ' ಎಂದಿದ್ದರೆ ಕೆಲಸ ಮುಗಿಯಿತು. ಅರ್ಥದ ಜೊತೆಗೆ ಆ ಪದದಲ್ಲಿರುವ ತಿರಸ್ಕಾರವೂ ಒಂದೇ ಏಟಿಗೆ ಮನಸ್ಸಿಗಿಳಿಯುತ್ತದೆ. 'ನೆಪೊಟಿಸಂ' ಎಂದರೆ ಸ್ವಜನಪಕ್ಷಪಾತ, 'ಗ್ಯಾರುಲಸ್' ಎಂದರೆ ವಾಚಾಳಿ, 'ಪ್ಯಾನಸೀಅ' ಎಂದರೆ ರಾಮಬಾಣ. 'ಪ್ರೊಕ್ರ್ಯಾಸ್ಟಿನೇಟ್' ಪದವನ್ನು ನಾನು ತರಗತಿಯಲ್ಲಿ ಹೇಳಿಕೊಡುವುದು ಹಳ್ಳಿಯ ಬಾಗಿಲುಗಳ ಮೇಲೆ ಬರೆಯುತ್ತಿದ್ದ 'ನಾಳೆ ಬಾ' ಎಂಬ ಬರಹವನ್ನು ನೆನಪಿಸಿ. ಆ ಲ್ಯಾಟಿನ್ ಪದದೊಳಗೆ 'ನಾಳೆ' ಎಂಬರ್ಥದ 'ಕ್ರಾಸ್' ಅಡಗಿರುವುದನ್ನು ಆಮೇಲೆ ಹೇಳಿದರೆ ಯಾರೂ ಮರೆಯುವುದಿಲ್ಲ.

ಆದರೆ ಕ್ರಿಯಾಪದ ಮತ್ತು ಗುಣವಾಚಕಗಳ ವಿಷಯದಲ್ಲಿ ಇದೇ ದಾರಿ ಕಾಲು ಜಾರಿಸುತ್ತದೆ. 'ಮಿಟಿಗೇಟ್' ಎಂಬುದಕ್ಕೆ 'ತಗ್ಗಿಸು, ಶಮನಗೊಳಿಸು' ಎಂಬ ಅರ್ಥವನ್ನು ಓದಿಕೊಂಡ ವಿದ್ಯಾರ್ಥಿಯೊಬ್ಬ ಟಿವಿಯ ಸದ್ದನ್ನು 'ಮಿಟಿಗೇಟ್' ಮಾಡಬೇಕೆಂದು ಬರೆದಿದ್ದ. ಕನ್ನಡದಲ್ಲಿ ಸದ್ದನ್ನೂ ತಗ್ಗಿಸಬಹುದು, ಬೆಲೆಯನ್ನೂ ತಗ್ಗಿಸಬಹುದು, ತಲೆಯನ್ನೂ ತಗ್ಗಿಸಬಹುದು. ಇಂಗ್ಲಿಷಿನ ಆ ಪದ ಮಾತ್ರ ಅಪಾಯ, ಹಾನಿ, ದುಷ್ಪರಿಣಾಮ ಮುಂತಾದವುಗಳ ಪಕ್ಕದಲ್ಲೇ ಕೂರಲು ಬಯಸುತ್ತದೆ. ಪದದ ಈ ಸಹವಾಸದ ಸುದ್ದಿ ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ಸಿಗುವುದು ಅಪರೂಪ. ಮೈಸೂರು ವಿಶ್ವವಿದ್ಯಾಲಯವು 1946ರಲ್ಲಿ ಹೊರತಂದ ಇಂಗ್ಲಿಷ್-ಕನ್ನಡ ನಿಘಂಟಾಗಲಿ, ಅನಂತರ ಪ್ರೊ. ಜಿ. ವೆಂಕಟಸುಬ್ಬಯ್ಯನವರು ರಚಿಸಿದ ನಿಘಂಟಾಗಲಿ ಅರ್ಥದ ಖಚಿತತೆಗೆ ಹೆಸರಾದವು; ಆದರೂ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟುವವನಿಗೆ ಬೇಕಾದ ಆಸರೆಯೆಲ್ಲ ಅವುಗಳಿಂದಲೇ ಒದಗುವುದಿಲ್ಲ. ಕಿಟ್ಟೆಲ್ ಅವರ 1894ರ ಮಹಾನಿಘಂಟನ್ನು ಈ ಕೆಲಸಕ್ಕೆ ಕೊಂಡುಕೊಳ್ಳುವ ಉತ್ಸಾಹಿಗಳೂ ಇದ್ದಾರೆ. ಅದು ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಕೋಶ, ನಮಗೆ ಬೇಕಾದ ದಿಕ್ಕು ಅದಲ್ಲ.

ಇಂಗ್ಲಿಷ್-ಇಂಗ್ಲಿಷ್ ಕೋಶಗಳಲ್ಲೂ ಎರಡು ಜಾತಿಗಳಿವೆ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರಿಗಾಗಿ ಮಾಡಿದ ದೊಡ್ಡ ಕೋಶಗಳು ಒಂದು ಕಷ್ಟಪದಕ್ಕೆ ಮೂರು ಕಷ್ಟಪದಗಳನ್ನು ಅರ್ಥವಾಗಿ ಕೊಟ್ಟು ನಮ್ಮನ್ನು ಸುತ್ತಾಡಿಸುತ್ತವೆ. ಕಲಿಯುವವರ ಕೋಶಗಳು ಹಾಗಲ್ಲ. ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತ ರೂಪಿಸಿದ ಕೋಶವೊಂದು 1942ರಲ್ಲಿ ಅಲ್ಲಿಯೇ ಅಚ್ಚಾಗಿ, 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣವಾಗಿ ಹೊರಬಂತು. ಇಂದು ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಕೋಶದ ಮೂಲ ಅದೇ. ಅಂದರೆ ನಮ್ಮಂತೆಯೇ ಹೊರಗಿನಿಂದ ಈ ಭಾಷೆಗೆ ಬಂದವರ ತೊಡಕುಗಳನ್ನು ಕಂಡು ಮಾಡಿದ ಕೆಲಸ ಅದು. 1978ರ ಲಾಂಗ್‌ಮನ್ ಕೋಶ ಸುಮಾರು 2000 ಸರಳ ಪದಗಳಲ್ಲೇ ಎಲ್ಲ ಅರ್ಥಗಳನ್ನೂ ಬರೆಯುವ ಕಟ್ಟುಪಾಡು ಹಾಕಿಕೊಂಡಿತು. 1987ರ ಕಾಲಿನ್ಸ್ ಕೊಬಿಲ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅರ್ಥವನ್ನೇ ಪೂರ್ಣ ವಾಕ್ಯವಾಗಿಸಿತು. ಅಲ್ಲಿ ಪದ ಯಾರ ಬಗ್ಗೆ, ಯಾವುದರ ಜೊತೆಗೆ ಬರುತ್ತದೆ ಎಂಬುದು ವಿವರಣೆಯೊಳಗೇ ಕಾಣಿಸುತ್ತದೆ. ಬರೆಯುವ ಉದ್ದೇಶವಿರುವ ಕನ್ನಡಿಗನಿಗೆ ಈ ಮೂರರಲ್ಲಿ ಒಂದನ್ನೇ ಆರಿಸೆಂದರೆ ನಾನು ಕೊನೆಯದನ್ನೇ ಆರಿಸುವೆ. ಆಕ್ಸ್‌ಫರ್ಡ್, ಲಾಂಗ್‌ಮನ್, ಕೇಂಬ್ರಿಜ್‌ಗಳ ಕಲಿಕಾ ಕೋಶಗಳು ಅಂತರ್ಜಾಲದಲ್ಲಿ ಹಣವಿಲ್ಲದೆ ಸಿಗುತ್ತವೆ, ಉಚ್ಚಾರಣೆಯನ್ನೂ ಕೇಳಿಸುತ್ತವೆ.

ಹೀಗಾಗಿ ನನ್ನ ಶಿಫಾರಸು ಎರಡನ್ನೂ ಕ್ರಮವಾಗಿ ಬಳಸುವುದು: ಮೊದಲು ಕನ್ನಡ ಅರ್ಥ, ಕೂಡಲೇ ಕಲಿಕಾ ಕೋಶದ ಎರಡು ಉದಾಹರಣಾ ವಾಕ್ಯ. ಮೊಬೈಲಿನ ಅನುವಾದ ತಂತ್ರಾಂಶಕ್ಕೆ ಬಿಡಿ ಪದವೊಂದನ್ನು ಕೊಟ್ಟು ಬಂದದ್ದನ್ನು ನಂಬುವ ಅಭ್ಯಾಸ ಮಾತ್ರ ಬೇಡ; ಸಂದರ್ಭವಿಲ್ಲದ ಪದಕ್ಕೆ ಅದು ಯಾವ ಅರ್ಥವನ್ನು ಹಿಡಿದುಕೊಡುತ್ತದೆ ಎಂಬ ಖಾತರಿಯಿಲ್ಲ.

ಧಾತುಗಳ ದಾರಿ, ನಮಗೊಂದು ಒಳಹಾದಿ

ಲ್ಯಾಟಿನ್, ಗ್ರೀಕ್ ಧಾತುಗಳನ್ನು ಕಲಿತರೆ ನೂರಾರು ಪದಗಳು ಒಂದೇ ಬೀಗದ ಕೈಗೆ ತೆರೆಯುತ್ತವೆ ಎನ್ನುವುದು ಹಳೆಯ ಮಾತು. ಕನ್ನಡಿಗನಿಗೆ ಇದರಲ್ಲಿ ಹೆಚ್ಚಿನ ಅನುಕೂಲವೊಂದಿದೆ. ನಮ್ಮ ಶಾಲೆಯ ಕನ್ನಡ ಪಾಠದಲ್ಲಿ ತತ್ಸಮ, ಉಪಸರ್ಗ, ಸಮಾಸಗಳನ್ನು ಬಿಡಿಸಿ ನೋಡುವ ಅಭ್ಯಾಸವಾಗಿರುತ್ತದೆ. 'ಆಮ್ನಿ' ಎಂದರೆ 'ಸರ್ವ' ಎಂದು ತಿಳಿದ ಕ್ಷಣದಲ್ಲಿ 'ಆಮ್ನಿಶಂಟ್' ಸರ್ವಜ್ಞನಾಗುತ್ತಾನೆ, 'ಆಮ್ನಿಪೊಟೆಂಟ್' ಸರ್ವಶಕ್ತನಾಗುತ್ತಾನೆ, 'ಆಮ್ನಿಪ್ರೆಸೆಂಟ್' ಸರ್ವವ್ಯಾಪಿಯಾಗುತ್ತಾನೆ, 'ಆಮ್ನಿವರಸ್' ಸರ್ವಭಕ್ಷಕನಾಗುತ್ತಾನೆ. 'ಆಂಬಿ' ಎಂದರೆ 'ಉಭಯ' ಎಂದು ಗೊತ್ತಾದವನಿಗೆ 'ಆಂಬಿಡೆಕ್ಸ್‌ಟ್ರಸ್' ಪದದಲ್ಲಿ ಸವ್ಯಸಾಚಿ ಅರ್ಜುನನೇ ಕಾಣುತ್ತಾನೆ.

ಕೆಲವೆಡೆ ಇದು ಕೇವಲ ಹೋಲಿಕೆಯಲ್ಲ, ರಕ್ತಸಂಬಂಧ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಕವಲೊಡೆದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣ ಪ್ರಸಿದ್ಧವಾದದ್ದು. ಕನ್ನಡ ದ್ರಾವಿಡ ಭಾಷೆಯಾದರೂ ಸಂಸ್ಕೃತದಿಂದ ತಂದುಕೊಂಡ ಪದಗಳ ಮೂಲಕ ಆ ನೆಂಟಸ್ತನದ ಫಲ ನಮಗೂ ದಕ್ಕಿದೆ: 'ಅನಾನಿಮಸ್' ಮತ್ತು ಅನಾಮಿಕ, 'ಇಮ್ಮಾರ್ಟಲ್' ಮತ್ತು ಅಮೃತ, 'ಪೆಡೆಸ್ಟ್ರಿಯನ್' ಮತ್ತು ಪಾದಚಾರಿ, 'ಡೆಂಟಲ್' ಮತ್ತು ದಂತ, 'ನೇವಲ್' ಮತ್ತು ನೌಕೆ, 'ಇಗ್ನೊರೆನ್ಸ್' ಮತ್ತು ಅಜ್ಞಾನ. ಗ್ರೀಕಿನ 'ಡಿಸ್' ನಮ್ಮ 'ದುಸ್' ಉಪಸರ್ಗದ ಒಡಹುಟ್ಟು. 'ಡಿಸ್ಟೋಪಿಯ' ಎಂಬ ಪದದ ಕಹಿ ಅಲ್ಲೇ ಇದೆ.

ಈ ದಾರಿಯ ಇನ್ನೊಂದು ಲಾಭ ಪದದ ಎತ್ತರ ತಗ್ಗುಗಳ ಅರಿವು. 1066ರ ನಾರ್ಮನ್ ವಿಜಯದ ನಂತರ ಇಂಗ್ಲಿಷಿನ ಮೇಲೆ ಫ್ರೆಂಚ್ ಮತ್ತು ಲ್ಯಾಟಿನ್ ಪದಗಳ ದೊಡ್ಡ ಪದರ ಬಂದು ಕೂತಿತು. ಕನ್ನಡದಲ್ಲಿ ದೇಶ್ಯದ ಮೇಲೆ ಸಂಸ್ಕೃತದ ಪದರ ಕೂತಂತೆಯೇ. ನಾವು ಹೋಟೆಲಿನಲ್ಲಿ 'ನೀರು ಕೊಡಿ' ಎನ್ನುತ್ತೇವೆಯೇ ಹೊರತು 'ಜಲ ಕೊಡಿ' ಎನ್ನುವುದಿಲ್ಲ, ಆದರೆ ಜಲಾಶಯಕ್ಕೆ ಜಲವೇ ಬೇಕು. 'ಆಸ್ಕ್', 'ಕ್ವೆಶ್ಚನ್', 'ಇಂಟೆರೊಗೇಟ್' ಈ ಮೂರರ ಅಂತರವೂ ಕೇಳು, ಪ್ರಶ್ನಿಸು, ವಿಚಾರಣೆ ನಡೆಸು ಎಂಬವುಗಳ ಅಂತರವನ್ನು ಬಲ್ಲ ನಮಗೆ ಹೊಸದೇನಲ್ಲ. 'ಯೂಸ್' ಸಾಕಾದ ಕಡೆಯೆಲ್ಲ 'ಯೂಟಿಲೈಜ್' ಎಂದೂ, 'ಬಿಗಿನ್' ಸಾಕಾದ ಕಡೆಯೆಲ್ಲ 'ಕಮೆನ್ಸ್' ಎಂದೂ ತುಂಬಿಸಿದ ಉದ್ಯೋಗದ ಅರ್ಜಿ ಓದಿದವರಿಗೆ 'ಜಲ ಕೊಡಿ' ಎಂದಂತೆ ಕೇಳಿಸುತ್ತದೆ.

ಧಾತುಗಳು ಮೋಸ ಮಾಡುವುದೂ ಉಂಟು. 'ಪೆಡೆಸ್ಟ್ರಿಯನ್' ಪದದಲ್ಲಿರುವುದು ಪಾದ. 'ಪೆಡಗಾಗ್' ಪದದಲ್ಲಿರುವುದು ಮಗು. 'ಎನರ್ವೇಟ್' ಕೇಳಲು ಚೈತನ್ಯ ತುಂಬುವಂತಿದ್ದರೂ ಅರ್ಥ ಬಲಗುಂದಿಸು ಎಂದು. 'ನಾಯ್ಸಮ್' ಎಂದರೆ ಸದ್ದಿನದಲ್ಲ, ದುರ್ನಾತದ್ದು. 'ಇನ್‌ಫ್ಲೇಮಬಲ್' ಎಂದರೆ ಉರಿಯದ್ದಲ್ಲ, ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಟ್ಯಾಂಕರ್ ಲಾರಿಯ ಹಿಂದೆ ಇರುವವರು ಇದನ್ನು ತಿಳಿದಿರುವುದು ಕ್ಷೇಮ. ಆದ್ದರಿಂದ ಧಾತುವನ್ನು ನೆನಪಿನ ಗೂಟವಾಗಿ ಬಳಸಿ, ಅರ್ಥದ ಸಾಕ್ಷಿಯಾಗಿ ಬಳಸಬೇಡಿ.

ಚೀಟಿಗಳು

ಚೀಟಿ ಪದಗಳನ್ನು ಆರಿಸಿಕೊಡುವುದಿಲ್ಲ, ಕಲಿತದ್ದನ್ನು ಉಳಿಸಿಕೊಡುತ್ತದೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇನೆಂದು ಅಳೆದು 1885ರಲ್ಲಿ ಪ್ರಕಟಿಸಿದ. 1972ರಲ್ಲಿ ಲೈಟ್ನರ್ ಎಂಬಾತ ಪೆಟ್ಟಿಗೆಯ ಉಪಾಯವನ್ನು ಜನಪ್ರಿಯಗೊಳಿಸಿದ: ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗಿ ತಡವಾಗಿ ಮರಳುತ್ತದೆ, ತಪ್ಪಿದ್ದು ಮೊದಲ ಖಾನೆಗೆ ಬರುತ್ತದೆ. 2006ರಲ್ಲಿ ಬಂದ 'ಅಂಕಿ' ತಂತ್ರಾಂಶ ಇಂಥದೇ ತತ್ವದ ಮೇಲೆ ನಡೆಯುತ್ತದೆ. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಉಚಿತ, ಐಫೋನಿನಲ್ಲಿ ಹಣ ಕೊಡಬೇಕು. ರಟ್ಟಿನ ಡಬ್ಬಿಯೂ ನಡೆಯುತ್ತದೆ.

ದಿನಕ್ಕೆ ಇಪ್ಪತ್ತು ಹೊಸ ಪದಗಳೆಂದು ಹುರುಪಿನಿಂದ ಆರಂಭಿಸಿದರೆ ತಿಂಗಳಿಗೆ 600 ಚೀಟಿಗಳಾಗಿ, ಪುನರಾವರ್ತನೆಯ ಹೊರೆಗೇ ಬೇಸತ್ತು ಕೈಬಿಡುವುದು ಸಾಮಾನ್ಯ. ಹತ್ತೇ ಆದರೂ ವರ್ಷಕ್ಕೆ 3650. ಇತರರು ಮಾಡಿಟ್ಟ ಸಿದ್ಧ ಚೀಟಿಗಳಿಗಿಂತ, ನೀವೇ ಓದಿದ ವಾಕ್ಯವನ್ನು ಪದದ ಜಾಗ ಬಿಟ್ಟು ಬರೆದುಕೊಂಡ ಚೀಟಿ ಹೆಚ್ಚು ಕಾಲ ನಿಲ್ಲುತ್ತದೆ.

ಓದು

ಓದಿನಿಂದ ಬಂದ ಪದವೇ ನಿಜವಾದ ಪದ ಎನ್ನುವವರಿದ್ದಾರೆ. ಮಾತು ಸರಿ, ಆದರೆ ನಿಧಾನ; ಮೂರು ತಿಂಗಳಲ್ಲಿ ಪರೀಕ್ಷೆಯಿರುವವರಿಗೆ ಇದೊಂದನ್ನೇ ನೆಚ್ಚಿಕೊಳ್ಳಲು ಹೇಳಲಾರೆ. ಜೊತೆಗೆ ಓದುವ ಬರಹದ ಮಟ್ಟ ಹೊಂದಬೇಕು. ನೂರು ಪದಗಳ ಒಂದು ಪ್ಯಾರಾ ತೆಗೆದುಕೊಂಡು ಗೊತ್ತಿಲ್ಲದ ಪದಗಳನ್ನು ಎಣಿಸಿ. ಎರಡಿದ್ದರೆ ಸಂದರ್ಭದಿಂದಲೇ ಅರ್ಥ ಊಹಿಸಬಹುದು. ಐದನ್ನು ಮೀರಿದರೆ ಊಹೆಗೆ ಆಧಾರವೇ ಉಳಿಯುವುದಿಲ್ಲ. ಆಗ ಕೆಳಗಿನ ಮಟ್ಟದ ಬರಹಕ್ಕೆ ಇಳಿಯಬೇಕು, ನಾಚಿಕೆಪಡಬೇಕಾದದ್ದೇನೂ ಇಲ್ಲ.

ಕನ್ನಡಿಗರಿಗೆ ಒಂದು ಸುಲಭೋಪಾಯವಿದೆ. ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್ 1948ರಲ್ಲಿ ಒಂದೇ ಸಂಸ್ಥೆಯಿಂದ ಆರಂಭವಾದ ಪತ್ರಿಕೆಗಳು. ಕಾವೇರಿ ನೀರಿನ ವಿವಾದವೋ ರಾಜ್ಯದ ಬಜೆಟ್ಟೋ, ಮೊದಲು ಕನ್ನಡದಲ್ಲಿ ಓದಿ ವಿಷಯವನ್ನು ಮನದಟ್ಟು ಮಾಡಿಕೊಂಡು, ಅದೇ ದಿನ ಅದೇ ವಿಷಯದ ಇಂಗ್ಲಿಷ್ ವರದಿಯನ್ನೂ ಸಂಪಾದಕೀಯವನ್ನೂ ಓದಿ. ವಿಷಯ ಮೊದಲೇ ಗೊತ್ತಿರುವುದರಿಂದ 'ಇಂಪಾಸ್' ಎಂದರೆ ಕಗ್ಗಂಟೆಂದೂ, 'ರೈಪೇರಿಯನ್' ಎಂದರೆ ನದೀತೀರಕ್ಕೆ ಸಂಬಂಧಿಸಿದ್ದೆಂದೂ ನಿಘಂಟಿಲ್ಲದೆ ತಿಳಿಯುತ್ತದೆ. ಅದರ ಜೊತೆಗೆ, ನಾವು ಕನ್ನಡದೊಳಗೆ ಬೇರೆಯೇ ಅರ್ಥದಲ್ಲಿ ಬಳಸುವ ಇಂಗ್ಲಿಷ್ ಪದಗಳ ಮೂಲ ಅರ್ಥವೂ ಕಾಣುತ್ತದೆ: 'ಸ್ಕೋಪ್ ತಗೋಬೇಡ' ಎಂದು ಗೆಳೆಯನನ್ನು ಗದರಿಸುವ ಹುಡುಗನಿಗೆ, ಆ ಪದಕ್ಕೆ ಇಂಗ್ಲಿಷಿನಲ್ಲಿ ವ್ಯಾಪ್ತಿ, ಅವಕಾಶ ಎಂಬ ಅರ್ಥವಿರುವುದು ಸಂಪಾದಕೀಯದಿಂದ ತಿಳಿಯಬೇಕು.

ಯಾರಿಗೆ ಯಾವುದು

ಎಸ್‌ಎಸ್‌ಸಿ ಹುಡುಗನಿಗೆ ಹಳೆಯ ಪ್ರಶ್ನೆಪತ್ರಿಕೆಗಳ ಪಟ್ಟಿ, ಕನ್ನಡ ಅರ್ಥ, ಚೀಟಿ, ಇಷ್ಟು ಸಾಕು. ಜಿಆರ್‌ಇ ಬರೆಯುವವಳು ಧಾತುಗಳಿಂದ ಆರಂಭಿಸಿ, ಅರ್ಧ ಸಮಯವನ್ನಾದರೂ ಗಂಭೀರ ಪ್ರಬಂಧಗಳ ಓದಿಗೆ ಕೊಡಬೇಕು; ಬಿಟ್ಟ ಸ್ಥಳಕ್ಕೆ ಹೊಂದುವ ಪದವನ್ನು ವಾಕ್ಯದ ತರ್ಕದಿಂದ ಹಿಡಿಯುವ ಅಭ್ಯಾಸ ಪಟ್ಟಿಯಿಂದ ಬರುವುದಿಲ್ಲ.

ನರ್ಸಿಂಗ್ ಪದವೀಧರೆಗೆ ಈ ಎರಡೂ ಹೊಂದುವುದಿಲ್ಲ. ಹೊರದೇಶಕ್ಕೆ ಹೋಗುವವರ ಇಂಗ್ಲಿಷನ್ನು ಅಳೆಯುವ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಬರವಣಿಗೆಯಲ್ಲಿ ಕಾಲು ಭಾಗ ಅಂಕ ಪದಸಂಪತ್ತಿಗಿದೆ ಎಂಬುದನ್ನು ಕೇಳಿ ಅವಳು ಕಷ್ಟಪದಗಳನ್ನು ಹುಡುಕಲು ಹೊರಡುತ್ತಾಳೆ. ಅಲ್ಲಿ ಮೇಲಿನ ಶ್ರೇಣಿಗೆ ಅಳೆಯುವುದರಲ್ಲಿ ಪದದ ಸಹವಾಸ ಮತ್ತು ಶೈಲಿಯ ಅರಿವೂ ಸೇರಿದೆ, ಅಂದರೆ 'ಮಿಟಿಗೇಟ್' ಪಕ್ಕ ಟಿವಿಯ ಸದ್ದು ಬಾರದಂತೆ ನೋಡಿಕೊಳ್ಳುವ ಎಚ್ಚರ. ಅವಳಿಗೆ ಕಲಿಕಾ ಕೋಶವೇ ಮುಖ್ಯ, ಉಳಿದದ್ದು ಅನಂತರ. ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಓಇಟಿ ಪರೀಕ್ಷೆಯನ್ನು ಅವಳು ಆರಿಸಿಕೊಂಡರೆ, ರೋಗಿಯೊಂದಿಗಿನ ಮಾತು ಮತ್ತು ವರ್ಗಾವಣೆ ಪತ್ರದ ಭಾಷೆಯೇ ಅವಳ ಪಠ್ಯ.

ಮೀಟಿಂಗಿನಲ್ಲಿ ಅಂಜುವ ತರುಣನ ತೊಂದರೆ ಹೆಚ್ಚಾಗಿ ಅರ್ಥದ್ದಲ್ಲ, ಉಚ್ಚಾರಣೆಯದ್ದು. ಕನ್ನಡದಲ್ಲಿ ಬರೆದಂತೆ ಓದುವ ನಮಗೆ ಅಕ್ಷರವನ್ನು ನಂಬುವುದೇ ಅಭ್ಯಾಸ. ಆದ್ದರಿಂದ ಪುಸ್ತಕದಿಂದಲೇ ಪದ ಕಲಿತವರು 'ಎಪಿಟಮಿ' ಎಂಬುದನ್ನು 'ಎಪಿಟೋಮ್' ಎಂದೂ, 'ಹೈಪರ್ಬಲಿ'ಯನ್ನು 'ಹೈಪರ್‌ಬೋಲ್' ಎಂದೂ, 'ಇನ್‌ಡೈಟ್' ಎಂಬುದನ್ನು 'ಇಂಡಿಕ್ಟ್' ಎಂದೂ, 'ಸಟಲ್' ಪದದಲ್ಲಿ ಅಡಗಿರುವ ಬಕಾರವನ್ನು ಗಟ್ಟಿಯಾಗಿಯೂ ಹೇಳಿಬಿಡುತ್ತಾರೆ. ಒಮ್ಮೆ ಯಾರಾದರೂ ನಕ್ಕರೆ ಮತ್ತೆ ಬಾಯಿ ತೆರೆಯುವುದಿಲ್ಲ. ಅವನಿಗೆ ನಾನು ಹೇಳುವುದಿಷ್ಟು: ವಾರಕ್ಕೆ ಹದಿನೈದು ಪದ ಮಾತ್ರ, ಅವೂ ತನ್ನದೇ ಕಚೇರಿಯ ಇಮೇಲುಗಳಿಂದ ಆಯ್ದವು, ಪ್ರತಿಯೊಂದನ್ನೂ ಕಲಿಕಾ ಕೋಶದಲ್ಲಿ ಕಿವಿಯಿಂದ ಮೂರು ಸಲ ಕೇಳಿ, ಪೂರ್ಣ ವಾಕ್ಯದಲ್ಲಿ ಗಟ್ಟಿಯಾಗಿ ಹೇಳಿ, ತನ್ನ ದನಿಯನ್ನು ಫೋನಿನಲ್ಲಿ ಮುದ್ರಿಸಿಕೊಂಡು ಹೋಲಿಸಿ ನೋಡಬೇಕು, ಸೋಮವಾರದ ಮೀಟಿಂಗಿಗೆ ಹೋಗುವಾಗ ಆ ಹದಿನೈದರಲ್ಲಿ ಎರಡನ್ನು ಆಡಲೇಬೇಕೆಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು.